ಕುಡಿಯುವ ಕಾರಂಜಿ, ನೋಡುವ ಕಾರಂಜಿ

(ಮಲ್ಲತ್ತಹಳ್ಳಿಯಲ್ಲಿ ಸಂಜೆಯ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕೆರೆ ಇರುವ ಊರಿಗೆ ಬಂದು ಕಾರಂಜಿಯ ಬಗ್ಗೆ ಮಾತನಾಡುವುದು ಸ್ವಲ್ಪ ವಿಚಿತ್ರವೇ ಸರಿ. ಮಲ್ಲತ್ತಹಳ್ಳಿಗೆ ತನ್ನದೇ ಆದ ಕೆರೆ ಇದೆ. ಪಕ್ಕದಲ್ಲಿ ಜ್ಞಾನಭಾರತಿ, ಕಲಾಗ್ರಾಮ. ಇಲ್ಲಿ ಬಿದ್ದ ಮಳೆ ಹರಿದು ಸೇರುವುದು ವೃಷಭಾವತಿಯ ಕಣಿವೆಗೆ. ಬೆಂಗಳೂರಿನ ಯಾವ ಬಡಾವಣೆಯ ಕೆರೆಯನ್ನೇ ಆಗಲಿ ಅಂದಗೊಳಿಸುವ ಮಾತು ಬಂದರೆ ಮೊದಲು ನಡೆದಾಡುವ ಹಾದಿ ಬೇಕು ಎನ್ನುತ್ತಾರೆ, ಆಮೇಲೆ ದೀಪ, ಅದರ ಬೆನ್ನಿಗೇ ಕಾರಂಜಿ. ಹಾದಿ ಏಕೆ, ದೀಪ ಏಕೆ ಎಂಬುದು ಎಲ್ಲರಿಗೂ ತಿಳಿದದ್ದೇ. ಕಾರಂಜಿ ಏಕೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಇವತ್ತು ಅದನ್ನೇ ಕೇಳೋಣ ಎಂದುಕೊಂಡು ಬಂದಿದ್ದೇನೆ.

ಮೊದಲು ಮಾತಿನ ವಿಷಯ. ನೆಲದಿಂದ ತಾನಾಗಿ ಉಕ್ಕುವ ನೀರಿಗೆ ನಮ್ಮಲ್ಲಿ ಚಿಲುಮೆ, ಬುಗ್ಗೆ ಎಂಬ ಹೆಸರುಗಳಿವೆ. ತುಮಕೂರಿನ ದೇವರಾಯನದುರ್ಗದ ತಪ್ಪಲಿನಲ್ಲಿರುವ ನಾಮದ ಚಿಲುಮೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಕಾರಂಜಿ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಅದಲ್ಲ, ಮನುಷ್ಯ ಕೊಳವೆಯಲ್ಲಿ ತಂದು ಚಿಮ್ಮಿಸಿದ ನೀರು. ಮರಾಠಿಯಲ್ಲೂ ಅದು ಕಾರಂಜೆ. ಇನ್ನು ಇಂಗ್ಲಿಷಿನ ಫೌಂಟನ್ ಎಂಬ ಮಾತಿಗೆ ಇನ್ನೊಂದು ಅರ್ಥವಿದೆ, ಅದು ನಮ್ಮ ಕಿವಿಗೆ ಬಿದ್ದಿರುವುದು ಕಡಿಮೆ. ನೀರು ಸರಬರಾಜಿನ ಕಾಗದಪತ್ರಗಳಲ್ಲಿ ‘ಪಬ್ಲಿಕ್ ಫೌಂಟನ್’ ಎಂದರೆ ಬಣ್ಣದ ದೀಪದ ಕಾರಂಜಿಯಲ್ಲ, ಬೀದಿಯ ಮೂಲೆಯ ನಲ್ಲಿ! ಬಿಂದಿಗೆಗಳು ಸಾಲಾಗಿ ನಿಂತು, ಬೆಳಗಿನ ಜಾವ ಜಗಳವಾಗುತ್ತಿದ್ದ ಅದೇ ನಲ್ಲಿ. ಗುಮಾಸ್ತರು ಬಳಸಿದ ಈ ಮಾತಿನಲ್ಲೇ ನನ್ನ ಉಪನ್ಯಾಸದ ಅರ್ಧ ಭಾಗವಿದೆ.

ಏಕೆಂದರೆ ಸಾರ್ವಜನಿಕ ಕಾರಂಜಿ ಹುಟ್ಟಿದ್ದೇ ಕುಡಿಯುವುದಕ್ಕೆ. ರೋಮ್ ನಗರದಲ್ಲಿ ಪ್ರವಾಸಿಗಳು ಬೆನ್ನು ತಿರುಗಿಸಿ ನಾಣ್ಯ ಎಸೆಯುವ ಟ್ರೆವಿ ಕಾರಂಜಿ 1762ರಲ್ಲಿ ಮುಗಿದ ಕಟ್ಟಡ. ಆದರೆ ಅದಕ್ಕೆ ನೀರು ತಂದದ್ದು ಕ್ರಿಸ್ತಪೂರ್ವ 19ರಲ್ಲಿ ಕಟ್ಟಿದ ಕಾಲುವೆಯ ದಾರಿ. ದೂರದ ನೀರು ಊರಿಗೆ ಬಂದು ಮುಟ್ಟಿದ ಜಾಗ ಅದು. ಬಂದ ನೀರಿಗೊಂದು ಬಾಗಿಲು ಕಟ್ಟಿ ಅಲಂಕರಿಸಿದರು. ಲಂಡನ್ನಿನ ಕಥೆ ಇನ್ನೂ ನೇರ. 1854ರಲ್ಲಿ ಅಲ್ಲಿನ ಒಂದು ಬೀದಿ ಪಂಪಿನ ಕೊಳಕು ನೀರಿನಿಂದ ಕಾಲರಾ ಹರಡಿತೆಂದು ಜಾನ್ ಸ್ನೋ ಎಂಬ ವೈದ್ಯ ತೋರಿಸಿಕೊಟ್ಟ. ಐದು ವರ್ಷದ ಮೇಲೆ, 1859ರಲ್ಲಿ, ಬಡವರಿಗೆ ಶುದ್ಧ ನೀರನ್ನು ಬಿಟ್ಟಿಯಾಗಿ ಕೊಡಲೆಂದೇ ಒಂದು ಸಂಘ ಹುಟ್ಟಿ, ಇಗರ್ಜಿಯೊಂದರ ಕಂಬಿಗೆ ಆನಿಸಿ ಮೊದಲ ಕಾರಂಜಿ ಇಟ್ಟಿತು. ಸರಪಳಿಗೆ ಕಟ್ಟಿದ ಬಟ್ಟಲು, ಯಾರು ಬೇಕಾದರೂ ಕುಡಿಯಬಹುದು. ಮುಂದೆ ಆ ಸಂಘವೇ ಎತ್ತು ಕುದುರೆಗಳಿಗೂ ತೊಟ್ಟಿ ಇಡಿಸಿತು.

ನಮ್ಮಲ್ಲಿ ಇದಕ್ಕೆ ಹೆಸರು ಬೇರೆ ಇತ್ತು: ಅರವಟ್ಟಿಗೆ. ಶಾಸನಗಳಲ್ಲೂ ಬರುವ ಮಾತು. ದಾರಿಹೋಕರಿಗೆ ನೀರು ಕೊಡುವುದು ಕೆರೆ ಕಟ್ಟಿಸಿದಷ್ಟೇ ಪುಣ್ಯವೆಂದು ನಂಬಿದ್ದವರು ನಮ್ಮ ಜನ. ರಾಮನವಮಿಯ ದಿನ ಬೀದಿಯಲ್ಲಿ ಪಾನಕ, ನೀರುಮಜ್ಜಿಗೆ ಹಂಚುವಾಗ ಉಳಿದುಕೊಂಡಿರುವುದು ಅದರದೇ ತುಣುಕು.

ಆದರೆ ಕರ್ನಾಟಕದಲ್ಲಿ ಚಿಮ್ಮುವ ಕಾರಂಜಿಯ ವಿದ್ಯೆಯನ್ನು ನೋಡಬೇಕಾದರೆ ವಿಜಯಪುರಕ್ಕೇ ಹೋಗಬೇಕು. ಆದಿಲ್‌ಶಾಹಿಗಳ ರಾಜಧಾನಿ ನಿಂತದ್ದು ಬರದ ಸೀಮೆಯಲ್ಲಿ. ಪಶ್ಚಿಮದ ತೊರವಿಯ ಕಡೆಯಿಂದಲೂ, 1651ರಲ್ಲಿ ಮಹಮ್ಮದ್ ಆದಿಲ್ ಷಾ ಕಟ್ಟಿಸಿದ ದಕ್ಷಿಣದ ಬೇಗಂ ತಲಾಬಿನಿಂದಲೂ ಗಾರೆಯೊಳಗೆ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ತಂದರು. ದಾರಿಯುದ್ದಕ್ಕೂ ಅಲ್ಲಲ್ಲಿ ಚೌಕನೆಯ ಗೋಪುರಗಳು ಕಾಣುತ್ತವೆ. ಅವನ್ನು ಗಂಜ್ ಎನ್ನುತ್ತಾರೆ. ಕಾವಲು ಬುರುಜುಗಳೆಂದು ತಿಳಿದು ಮುಂದೆ ಹೋಗುವವರೇ ಹೆಚ್ಚು. ಅವು ಕಾವಲಿಗಲ್ಲ. ಎತ್ತರದಿಂದ ಇಳಿದ ನೀರು ಮುಚ್ಚಿದ ಕೊಳವೆಯಲ್ಲಿ ಒತ್ತಡ ಕಟ್ಟಿಕೊಳ್ಳುತ್ತದೆ. ಮಣ್ಣಿನ ಕೊಳವೆ ಅದನ್ನು ತಾಳದೆ ಒಡೆಯುತ್ತದೆ. ಗೋಪುರದೊಳಗೆ ನೀರನ್ನು ಮೇಲೇರಲು ಬಿಟ್ಟರೆ ಒತ್ತಡ ಅಲ್ಲೇ ತೀರುತ್ತದೆ, ಹೂಳು ತಳಕ್ಕೆ ಇಳಿಯುತ್ತದೆ, ತಿಳಿನೀರು ಮುಂದಕ್ಕೆ ಹೋಗುತ್ತದೆ. ಹೀಗೆ ಹದ ಮಾಡಿದ ನೀರು ಮನೆಗಳಿಗೂ ಹೋಯಿತು, ಆಸಾರ್ ಮಹಲಿನ ಮುಂದಿನ ಕೊಳಕ್ಕೂ ಬಂತು. ಇಬ್ರಾಹಿಂ ರೋಜಾದಲ್ಲಿ ಸಮಾಧಿಗೂ ಮಸೀದಿಗೂ ನಡುವೆ ಕಾರಂಜಿಯ ಕೊಳವಿದೆ. ಯಂತ್ರವಿಲ್ಲದೆ ಚಿಮ್ಮುವ ಕಾರಂಜಿಗೆ ಒಂದೇ ನಿಯಮ: ನೀರಿನ ಮೂಲ ಚಿಮ್ಮುವ ತುದಿಗಿಂತ ಎತ್ತರದಲ್ಲಿರಬೇಕು. ಆದ್ದರಿಂದ ಅಂಥ ಕಾರಂಜಿ ಆಡುತ್ತಿದ್ದರೆ ಊರಿನ ಮೇಲಿನ ಕೆರೆಯಲ್ಲಿ ನೀರಿದೆ, ನಡುವಿನ ಕೊಳವೆ ಸರಿಯಾಗಿದೆ ಎಂದೇ ಅರ್ಥ. ರಾಜನ ವಿಲಾಸ ಇರಲಿ, ಅದು ಊರಿನ ನೀರಿನ ಲೆಕ್ಕಪತ್ರವೂ ಆಗಿತ್ತು.

ಬೆಂಗಳೂರಿನ ಸ್ಥಿತಿ ಇದಕ್ಕೆ ತಿರುಗುಮುರುಗು. ನಾವು ಕುಳಿತಿರುವುದೇ ದಿಣ್ಣೆಯ ಮೇಲೆ, ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಕೆರೆ, ಕಲ್ಯಾಣಿ, ಬಾವಿಗಳಲ್ಲಿ ಬದುಕಿದ್ದ ಊರಿಗೆ 1896ರಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲ. ಆ ನೀರನ್ನೂ ಸೋಲದೇವನಹಳ್ಳಿಯಲ್ಲಿ ಉಗಿಯಂತ್ರ ಇಟ್ಟು ಎತ್ತಬೇಕಾಯಿತು. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಕಾವೇರಿಯ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಸಲ ಮೇಲಕ್ಕೆ ನೂಕಿಸಿಕೊಂಡು, ಸುಮಾರು 100 ಕಿಲೋಮೀಟರ್ ನಡೆದು ಬರುತ್ತದೆ. ನಮ್ಮ ಮನೆಯ ನಲ್ಲಿಯಲ್ಲಿ ನೀರು ಬೀಳುವುದೇ ಒಂದು ಕಾರಂಜಿ ಎಂದರೆ ಉತ್ಪ್ರೇಕ್ಷೆಯಾಗದು. ಅಷ್ಟು ಕಷ್ಟಪಟ್ಟು ಮೇಲೇರಿದ ನೀರನ್ನು ವೃತ್ತದ ನಡುವೆ ಇನ್ನೂ ಹತ್ತಡಿ ಮೇಲಕ್ಕೆ ಹಾರಿಸಿ ನೋಡುತ್ತೇವೆ, ಅಷ್ಟೇ.

ನೋಡುವ ಕಾರಂಜಿಯನ್ನು ನಾನು ಹಳಿಯುತ್ತಿದ್ದೇನೆ ಎಂದುಕೊಳ್ಳಬೇಡಿ. ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಸ್ಥೆಯಿಂದ ಕನ್ನಂಬಾಡಿಯ ಕೆಳಗೆ ಎದ್ದ ಬೃಂದಾವನವನ್ನು ನೋಡದ ಕನ್ನಡ ಕುಟುಂಬ ಯಾವುದಿದೆ? ಅಲ್ಲಿ ಅಣೆಕಟ್ಟೆಯ ನೀರು ಮೇಲೆ, ತೋಟ ಕೆಳಗೆ. ಜಾಗವೇ ಕಾರಂಜಿಗೆ ಒಪ್ಪುವಂಥದು. ಬೆಂಗಳೂರಿನಲ್ಲಿ ನೆಹರೂ ತಾರಾಲಯದ ಹತ್ತಿರ 1995ರಲ್ಲಿ ಇಂದಿರಾ ಗಾಂಧಿ ಸಂಗೀತ ಕಾರಂಜಿ ಆರಂಭವಾದಾಗ ಊರಿಗೆ ಊರೇ ಮಕ್ಕಳನ್ನು ಕರೆದುಕೊಂಡು ಹೋಯಿತು. ದುಡ್ಡಿರುವವನೂ ಇಲ್ಲದವನೂ ಒಂದೇ ಕಡೆ ಮುಖ ಮಾಡಿ ನಿಲ್ಲುವ ಜಾಗಗಳು ಪಟ್ಟಣದಲ್ಲಿ ಹೆಚ್ಚಿಲ್ಲ. ಬೇಸಿಗೆಯ ಸಂಜೆ ತುಂತುರು ಮುಖಕ್ಕೆ ತಾಗಿದರೆ ಯಾರಿಗೆ ಬೇಡ? ಕೆರೆಯಲ್ಲಿ ಇಟ್ಟರೆ ನೀರಿಗೆ ಗಾಳಿ ಬೆರೆತು ಆಮ್ಲಜನಕ ಹೆಚ್ಚುತ್ತದೆ, ಮೀನಿಗೆ ಒಳ್ಳೆಯದು. ಕೆರೆಗೆ ಚರಂಡಿ ನೀರು ಹರಿಯುವುದನ್ನು ನಿಲ್ಲಿಸದೆ ಬರೀ ಕಾರಂಜಿ ಹಾಕಿದರೆ ಮಾತ್ರ ಅದು ಜ್ವರದ ಮುಖಕ್ಕೆ ಪೌಡರ್ ಹಚ್ಚಿದಂತೆ.

ನನ್ನ ತಕರಾರು ಬೇರೆ. ನೋಡುವ ಕಾರಂಜಿಗಳು ಹೆಚ್ಚಿದ ಕಾಲದಲ್ಲೇ ಕುಡಿಯುವ ಕಾರಂಜಿಗಳು ಬೀದಿಯಿಂದ ಮಾಯವಾದವು. ಮನೆಮನೆಗೆ ಸಂಪರ್ಕ ಬಂತು, ಸಂತೋಷ; ಬಿಂದಿಗೆ ಹೊತ್ತವರ ಸೊಂಟಕ್ಕೆ ಬಿಡುವು ಸಿಕ್ಕಿತು. ಆದರೆ ಮನೆಯ ಹೊರಗೆ ದುಡಿಯುವವರು? ತಳ್ಳುಗಾಡಿಯವರು, ಪೌರಕಾರ್ಮಿಕರು, ಕಟ್ಟಡದ ಕೂಲಿಗಳು, ಆಟೋ ಚಾಲಕರು, ಈಗ ಮನೆಮನೆಗೆ ಊಟ ತಲುಪಿಸುವ ಹುಡುಗರು — ಮಧ್ಯಾಹ್ನ ಎರಡು ಗಂಟೆಗೆ ಇವರು ನೀರು ಕುಡಿಯಬೇಕಾದರೆ ಅಂಗಡಿಯಲ್ಲಿ ಬಾಟಲಿ ಕೊಳ್ಳಬೇಕು, ಇಲ್ಲವೇ ಯಾರದೋ ಗೇಟಿನ ಮುಂದೆ ನಿಂತು ಕೇಳಬೇಕು.

ಕೇಳಿ ಕುಡಿಯುವುದು ನಮ್ಮ ದೇಶದಲ್ಲಿ ಸಣ್ಣ ಮಾತಲ್ಲ. 1927ರ ಮಾರ್ಚಿನಲ್ಲಿ ಅಂಬೇಡ್ಕರ್ ಅವರು ಮಹಾಡದ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದದ್ದು ಬಾಯಾರಿಕೆಗಲ್ಲ. ಅದು ಹಳೆಯ ಕಾಲ ಎನ್ನುವಂತೆಯೂ ಇಲ್ಲ. 2022ರ ನವೆಂಬರಿನಲ್ಲಿ ನಮ್ಮದೇ ಚಾಮರಾಜನಗರ ಜಿಲ್ಲೆಯ ಹೆಗ್ಗೋಠಾರದಲ್ಲಿ ದಲಿತ ಮಹಿಳೆಯೊಬ್ಬರು ತೊಂಬೆಯ ನಲ್ಲಿಯಿಂದ ನೀರು ಕುಡಿದರೆಂದು ಇಡೀ ತೊಂಬೆಯ ನೀರನ್ನು ಹೊರಕ್ಕೆ ಬಿಟ್ಟು ತೊಳೆದರು. ಬಳಿಕ ಅಧಿಕಾರಿಗಳು ದಲಿತ ನಿವಾಸಿಗಳನ್ನು ಊರಿನ ನಲ್ಲಿಗಳ ಬಳಿಗೆ ಕರೆದೊಯ್ದು ನೀರು ಕುಡಿಸಿದರು. ಹೆಸರು ಕೇಳದೆ, ಕಾಸು ಕೇಳದೆ, ಮನೆ ಯಾವುದೆಂದು ಕೇಳದೆ ನೀರು ಕೊಡುವ ಒಂದು ಕಲ್ಲಿನ ಕಂಬ ಬೀದಿಯಲ್ಲಿ ನಿಂತಿದ್ದರೆ ಅದು ಬರೀ ನೀರನ್ನಷ್ಟೇ ಕೊಡುವುದಿಲ್ಲ ಎಂದು ನಾನು ಹೇಳುವುದು ಇದಕ್ಕಾಗಿ.

2024ರ ಮಾರ್ಚಿ ನಿಮಗೆ ನೆನಪಿರಬೇಕು. ಕೊಳವೆ ಬಾವಿಗಳು ಬತ್ತಿದವು. ನಾಣ್ಯ ಹಾಕಿ ಕ್ಯಾನು ತುಂಬಿಸುವ ಶುದ್ಧ ನೀರಿನ ಘಟಕಗಳ ಮುಂದೆ ಸಾಲು ಬೆಳೆಯಿತು. ಆಗ ಜಲಮಂಡಳಿ ಕಾರು ತೊಳೆಯಲು, ಕೈತೋಟಕ್ಕೆ, ಕಟ್ಟಡ ಕಟ್ಟಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಆಜ್ಞೆ ಹೊರಡಿಸಿತು. ಆ ಪಟ್ಟಿಯಲ್ಲಿ ಅಲಂಕಾರದ ಕಾರಂಜಿಯೂ ಇತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತದ ನೀರು ಬಂತು. ಆದರೂ 2025ರ ಬೇಸಿಗೆಗೆ ಮುಂಚೆ ಆಜ್ಞೆ ಮತ್ತೆ ಬಂತು.

ಹಾಗಾದರೆ ಇಲ್ಲಿ ಏನು ಮಾಡಬೇಕು ಎಂದು ನೀವು ಕೇಳಬಹುದು. ಕೆರೆಗೆ ಕಾರಂಜಿ ಬೇಕೆನಿಸಿದರೆ ಇಡಿ. ಅದು ಕೆರೆಯ ನೀರನ್ನೇ ಎತ್ತಿ ಕೆರೆಗೇ ಬಿಡಲಿ, ವೃತ್ತಗಳಲ್ಲಾದರೆ ಶುದ್ಧೀಕರಿಸಿದ ಬಳಕೆ ನೀರು ಸಾಕು. ಅದಕ್ಕೆ ತಗಲುವ ಹಣದಲ್ಲಿ ಒಂದು ಪಾಲು ತೆಗೆದಿಟ್ಟು, ಬಸ್ಸು ನಿಲ್ಲುವ ಕಡೆ ಒಂದು ಕುಡಿಯುವ ನೀರಿನ ಕಟ್ಟೆ ಕಟ್ಟಿ. ಮುಂಬಯಿಯಲ್ಲಿ ಹಿಂದಿನ ದಾನಿಗಳು ಕಟ್ಟಿಸಿದ್ದ ಪ್ಯಾವುಗಳೆಂಬ ಕಲ್ಲಿನ ನೀರುಕಟ್ಟೆಗಳು ಬಹುಕಾಲ ಬತ್ತಿ ನಿಂತಿದ್ದವು. ಈಚಿನ ವರ್ಷಗಳಲ್ಲಿ ಅವುಗಳಲ್ಲಿ ಕೆಲವನ್ನು ದುರಸ್ತಿ ಮಾಡಿ ಮತ್ತೆ ನೀರು ಹರಿಸಿದ್ದಾರೆ. ಹಳೆಯದೇ ಇಲ್ಲದ ನಮಗೆ ಹೊಸದನ್ನು ಕಟ್ಟುವ ಸ್ವಾತಂತ್ರ್ಯವಿದೆ. ಎರಡು ನಲ್ಲಿ ಇರಲಿ, ಒಂದು ದೊಡ್ಡವರ ಎತ್ತರಕ್ಕೆ, ಒಂದು ಶಾಲೆಯ ಮಕ್ಕಳ ಎತ್ತರಕ್ಕೆ. ಚೆಲ್ಲಿದ ನೀರು ಕೆಳಗಿನ ತೊಟ್ಟಿಗೆ ಬೀಳಲಿ, ಬೀದಿನಾಯಿಗೂ ಕಾಗೆಗೂ ಆಯಿತು. ನೀರು ಯಾವ ದಿನ ಪರೀಕ್ಷೆಯಾಯಿತೆಂದು ಪಕ್ಕದ ಹಲಗೆಯ ಮೇಲೆ ಬರೆದಿರಲಿ. ನಲ್ಲಿ ಕೆಟ್ಟರೆ ಯಾರಿಗೆ ಫೋನು ಮಾಡಬೇಕೆಂಬ ನಂಬರನ್ನು ಕಟ್ಟಿಸಿದವರ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಬರೆಸಿ.