ಮಿಕ್ಕ ಅನ್ನದ ಲೆಕ್ಕ
(ವಿದ್ಯಾರ್ಥಿಗಳು ಮತ್ತು ಗ್ರಾಮಸ್ಥರ ಸಭೆಯಲ್ಲಿ ನೀಡಿದ ಉಪನ್ಯಾಸ)



ಮಲೆನಾಡಿನ ಎಷ್ಟೋ ತರುಣ ತರುಣಿಯರು ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿಗೆಂದು ಬೆಂಗಳೂರಿನ ವಿಜಯನಗರಕ್ಕೆ ಹೋಗುತ್ತಾರೆ. ಕೆಲಸ ದೊರೆತವರು ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ಮನೆ ಮಾಡುತ್ತಾರೆ. ರಾತ್ರಿ ಎಂಟಕ್ಕೆ ದಣಿದು ಬಂದಾಗ ಮನೆಯಲ್ಲಿರುವುದು ಫ್ರಿಜ್ಜಿನೊಳಗಿನ ನಿನ್ನೆಯ ಅನ್ನ, ಡಬ್ಬಿಯ ತಳದ ಅವಲಕ್ಕಿ, ಒಂದು ಹೋಳು ತೆಂಗಿನಕಾಯಿ, ಎರಡು ಈರುಳ್ಳಿ. ಊಟವನ್ನು ಹೊರಗಿನಿಂದ ತರಿಸಿದರೆ ಆ ಅನ್ನ ಕಸದ ಬುಟ್ಟಿಗೆ ಸೇರುತ್ತದೆ. ಈ ಸಣ್ಣ ತೀರ್ಮಾನದ ಹಿಂದಿರುವ ದೊಡ್ಡ ಲೆಕ್ಕವನ್ನು ಇಂದು ನೋಡೋಣ.

ಒಂದು ಕಿಲೋ ಅಕ್ಕಿ ಬೆಳೆಯಲು ಗದ್ದೆಗೆ ಮಳೆ ಅಥವಾ ನೀರಾವರಿಯಿಂದ ಸುಮಾರು 2500 ಲೀಟರ್ ನೀರು ಬೇಕು. ಆ ಅಕ್ಕಿಯನ್ನು ಬೆಂಗಳೂರಿನಲ್ಲಿ ಬೇಯಿಸುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರಿನಷ್ಟು ಎತ್ತರಕ್ಕೆ ಪಂಪಾಗಿ ಬರುತ್ತದೆ. ಕೊಡಗಿನ ಕಾವೇರಿಗೆ ಮೂಡಿಗೆರೆಯ ಬೆಟ್ಟಗಳಲ್ಲಿ ಹುಟ್ಟುವ ಹೇಮಾವತಿಯೂ ಕೂಡುತ್ತದೆ. ಎಂದಮೇಲೆ ಚೆಲ್ಲಿದ ತುತ್ತಿನಲ್ಲಿ ನಮ್ಮ ಕಾಡುಗಳ ಪಾಲೂ ಇದೆ.

ಹಳ್ಳಿಯಲ್ಲಿ ಮಿಕ್ಕಿದ್ದು ಕಲಗಚ್ಚಿನ ಬಾನಿಗೆ ಬಿದ್ದು ಹಸುವಿನ ಹೊಟ್ಟೆ ಸೇರುತ್ತದೆ. ನಗರದಲ್ಲಿ ಅದು ಮತ್ತೊಂದು ಹಳ್ಳಿಯ ಮೇಲೆ ಬೀಳುತ್ತದೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಮಾವಳ್ಳಿಪುರದವರೂ ಮಂಡೂರಿನವರೂ ಹೋರಾಡಿದ ಮೇಲೆಯೇ 2012ರಲ್ಲಿ ಒಂದು, 2014ರಲ್ಲಿ ಇನ್ನೊಂದು ಕಡೆ ಕಸ ಸುರಿಯುವುದು ನಿಂತಿತು. ಗಾಳಿಯಾಡದ ರಾಶಿಯಲ್ಲಿ ಕೊಳೆಯುವ ಅನ್ನ ಮೀಥೇನ್ ಅನಿಲವನ್ನು ಬಿಡುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ತಾಪಕಾರಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್. ಅದರಲ್ಲಿ ಶೇಕಡಾ 60ರಷ್ಟು ಮನೆಗಳದೇ.

ಪರಿಹಾರ ನಮ್ಮ ಅಡುಗೆಮನೆಗಳಲ್ಲಿ ಹಿಂದಿನಿಂದಲೂ ಇದೆ. ಬಿಸಿ ಅನ್ನಕ್ಕಿಂತ ತಣಿದ ಅನ್ನವೇ ಚಿತ್ರಾನ್ನಕ್ಕೆ ಲೇಸು. ತಣಿದಾಗ ಅಕ್ಕಿಯ ಪಿಷ್ಟ ಮತ್ತೆ ಬಿಗಿಗೊಳ್ಳುವುದರಿಂದ ಅಗುಳು ಉದುರಾಗಿ, ಒಗ್ಗರಣೆಯಲ್ಲಿ ಮುದ್ದೆಯಾಗದು. ಮೆತ್ತಗಾದ ಅನ್ನವನ್ನು ಹಿಸುಕಿ ಅಕ್ಕಿಹಿಟ್ಟಿಗೆ ಕಲಸಿದರೆ ರೊಟ್ಟಿ ಬಿರಿಯದು. ಗೋಧಿಯಲ್ಲಿರುವಂಥ ಅಂಟು ಅಕ್ಕಿಹಿಟ್ಟಿನಲ್ಲಿಲ್ಲ, ಬೆಂದ ಅನ್ನ ಆ ಕೊರತೆಯನ್ನು ತುಂಬುತ್ತದೆ. ಮಿಕ್ಕ ಬೇಳೆಸಾರಿಗೆ ಅನ್ನ, ಹುಣಿಸೆರಸ, ಸಾರಿನ ಪುಡಿ ಹಾಕಿ ಕುದಿಸಿದರೆ ಹತ್ತು ನಿಮಿಷದಲ್ಲಿ ಬಿಸಿಬೇಳೆ ಅನ್ನದಂಥ ಊಟ. ಬಾಲ್ಕನಿಯ ಕುಂಡದ ನಾಲ್ಕು ದೊಡ್ಡಪತ್ರೆ ಎಲೆಗಳನ್ನು ಜೀರಿಗೆ, ಮೆಣಸಿನೊಡನೆ ಬಾಡಿಸಿ, ಕಾಯಿತುರಿಯೊಂದಿಗೆ ಅರೆದು ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಕುದಿಸುವ ಅಗತ್ಯವೇ ಇಲ್ಲ, ಅನಿಲವೂ ಉಳಿಯಿತು.

ಆದರೆ ಒಂದು ಎಚ್ಚರಿಕೆ. ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನವನ್ನು ಹೊರಗೆ ಬಹಳ ಹೊತ್ತು ಇಟ್ಟರೆ ಅವು ಮೊಳೆತು ವಿಷವನ್ನು ಉಂಟುಮಾಡಬಲ್ಲವು. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿಮಾಡಿದರೂ ನಾಶವಾಗದು. ಆದ್ದರಿಂದ ಮಿಕ್ಕ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನವೇ ಬಳಸಬೇಕು. ಫ್ರಿಜ್ಜಿಲ್ಲದ ಕೋಣೆಯಲ್ಲಿ ಒಂದು ಹೊತ್ತಿಗೆ ಬೇಕಾದಷ್ಟೇ ಅಕ್ಕಿ ಅಳೆಯುವುದೇ ನಿಜವಾದ ಉಳಿತಾಯ. ಅಲ್ಲಿ ರಾತ್ರಿಯ ಊಟಕ್ಕೆ ಅವಲಕ್ಕಿಯೋ ರವೆಯೋ ಒದಗುತ್ತದೆ.

ಮಿಕ್ಕಿದ್ದನ್ನು ಉಣ್ಣುವುದು ಬಡತನದ ಗುರುತೆಂಬ ಸಂಕೋಚ ನಮ್ಮ ಹಳ್ಳಿಗಳಿಗೂ ಬರುತ್ತಿದೆ. ಮನೆಯ ಕೊನೆಯ ಪಾತ್ರೆ ಬರಿದಾದ ಮೇಲೆ ಉಣ್ಣಲು ಕೂರುವ ತಾಯಿಯೊಬ್ಬಳ ಪಾಲಿಗೇ ತಂಗಳನ್ನವನ್ನು ಬಿಡುವುದು ಮಿತವ್ಯಯವಲ್ಲ, ಅನ್ಯಾಯ. ಮಿಕ್ಕಿದ್ದು ಹೊಸ ರುಚಿ ಪಡೆದು ಎಲ್ಲರ ತಟ್ಟೆಗೂ ಬರಬೇಕು. ಅದಕ್ಕೆ ಒಗ್ಗರಣೆ ಹಾಕುವ ಕೈ ಮಗಳದೂ ಆಗಬೇಕು, ಮಗನದೂ ಆಗಬೇಕು. ನಗರಕ್ಕೆ ಮಕ್ಕಳನ್ನು ಕಳಿಸುವ ಮುನ್ನ ಇಷ್ಟನ್ನು ಕಲಿಸಿ ಕಳಿಸೋಣ.