ಮೊದಲು ಬ್ರೇಕು, ಆಮೇಲೆ ಎಕ್ಸಿಲರೇಟರು



ಡೇರಿಗೆ ಹಾಲಿನ ಕ್ಯಾನು ಹೋಗಬೇಕೆಂದರೆ ಮೊಪೆಡ್ಡಿನ ಕೀಲಿಯನ್ನು ಹುಡುಗನ ಕೈಗೆ ಕೊಟ್ಟುಬಿಡುವ ವಾಡಿಕೆ ನಮ್ಮ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಉಂಟು. 50 ಸಿ.ಸಿ. ಮೀರಿದ ಗಾಡಿಗೆ 18 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯಂತೆ ಚಿಕ್ಕವನು ಓಡಿಸಿದರೆ ತಂದೆಗೇ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ. ಅವನಿಗೆ ಸದ್ಯ ಸೈಕಲ್ಲಿನ ಬ್ರೇಕು ಸಾಕು.

ಕಲಿಕೆಯ ಲೈಸೆನ್ಸ್ ಬಂದವನಿಗೆ ಹೆಲ್ಮೆಟ್ ಹಾಕಿಸಿ ಖಾಲಿ ಕಣಕ್ಕೆ ಕರೆದುಕೊಂಡು ಹೋಗಿರಿ. ಎಂಜಿನ್ ನಿಲ್ಲಿಸಿ ನೀವೇ ತಳ್ಳಿರಿ. ಅವನು ಬ್ರೇಕು ಮಾತ್ರ ಹಿಡಿಯಲಿ. ಇದಕ್ಕೆ ಒಂದು ಸಂಜೆಯಾದರೂ ಬೇಕು. ಗಾಬರಿಯಾದವನು ಹಿಡಿಯನ್ನು ಬಿಗಿಯುತ್ತಾನೆ. ಮೈ ಹಿಂದಕ್ಕೆ ವಾಲುತ್ತದೆ, ಮಣಿಕಟ್ಟು ಕೆಳಗಿಳಿಯುತ್ತದೆ, ಎಕ್ಸಿಲರೇಟರು ಇನ್ನಷ್ಟು ತಿರುಗುತ್ತದೆ. ಗೇರಿಲ್ಲದ ಗಾಡಿಯಲ್ಲಿ ಕ್ಲಚ್ಚು ಹಿಡಿದು ಪಾರಾಗುವಂತೆಯೂ ಇಲ್ಲ. ಆದುದರಿಂದ ತಿರುಗಿಸುವುದಕ್ಕಿಂತ ಬಿಡುವುದನ್ನು ನೂರು ಸಲ ಮಾಡಿಸಿರಿ. ಹೋರಿಗೂ ಮೊದಲು ನಿಲ್ಲುವುದನ್ನೇ ಕಲಿಸುತ್ತೇವಲ್ಲವೆ?

ಒಕ್ಕಣೆಗೆಂದು ರಸ್ತೆಯಲ್ಲಿ ಹರಡಿದ ರಾಗಿ, ಹುರುಳಿಯ ಮೇಲೆ ಮುಂದಿನ ಬ್ರೇಕು ಹಿಡಿದರೆ ಚಕ್ರ ಜಾರುತ್ತದೆ. ದೂರದಲ್ಲಿ ಕಂಡಾಗಲೇ ವೇಗ ಇಳಿಸಿ, ಅದರ ಮೇಲೆ ನೇರವಾಗಿ ಸಾಗಬೇಕು. (ಹರಡುವವರೂ ನಾವೇ, ಅದು ಬೇರೆ ಮಾತು.)

ಹೊರೆ ಕಟ್ಟಿದ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಅದನ್ನು ಕಣದಲ್ಲೇ ಕಲಿಯಲಿ, ಕ್ಯಾನಿಗೆ ಹಾಲಿನ ಬದಲು ನೀರು ತುಂಬಿಕೊಂಡು.