ಗಾಜಿನ ಪೆಟ್ಟಿಗೆ, ಮರದ ಪೆಟ್ಟಿಗೆ

ಐಸ್‌ಕ್ರೀಮಿನ ವ್ಯಾಪಾರವನ್ನು ಕುರಿತು ಭಾಷಣ ಮಾಡಲು ಕನ್ನಡ ಮೇಷ್ಟ್ರೇ ಆಗಬೇಕಿತ್ತೆ ಎಂದು ಕೇಳುಗರಲ್ಲಿ ಕೆಲವರಿಗಾದರೂ ಅನ್ನಿಸೀತು. ಆಕ್ಷೇಪಣೆ ನ್ಯಾಯವಾದುದೇ. ವಾಣಿಜ್ಯಶಾಸ್ತ್ರಕ್ಕೂ ನನಗೂ ದೂರ. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿದವನು ನಾನು. ತರಗತಿಯ ಒಳಗೆ ಕುಳಿತವರನ್ನು ನೋಡಿದಷ್ಟೇ ಕಾಲ ಗೇಟಿನ ಹೊರಗೆ ನಿಂತವರನ್ನೂ ನೋಡಿದ್ದೇನೆ. ಇಂದಿನ ಮಾತು ಅವರನ್ನು ಕುರಿತದ್ದು.

1986ರ ಸುಮಾರಿನಲ್ಲಿ ಚನ್ನಪಟ್ಟಣದಲ್ಲಿ ಒಬ್ಬಾತ ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ ಕಟ್ಟಿಕೊಂಡು ನಮ್ಮ ಕಾಲೇಜಿನ ಮುಂದೆ ಬಂದು ನಿಲ್ಲುತ್ತಿದ್ದ. ಹುಡುಗರು ಅವನನ್ನು ಐಸಣ್ಣ ಎಂದು ಕರೆಯುತ್ತಿದ್ದರು. ಪೆಟ್ಟಿಗೆಯೊಳಗೆ ಐಸ್‌ಕ್ಯಾಂಡಿ, ಬೇಸಗೆಯಲ್ಲಿ ಮನೆಯಲ್ಲೇ ಹಾಲು ಕುದಿಸಿ ಮಾಡಿದ ಕುಲ್ಫಿ, ಸುತ್ತ ಉಪ್ಪು ಬೆರೆಸಿದ ಮಂಜುಗಡ್ಡೆಯ ಚೂರು. ಉಪ್ಪು ಬೆರೆತ ಮಂಜು ಸೊನ್ನೆ ಡಿಗ್ರಿಗಿಂತ ಬಹಳ ಕೆಳಕ್ಕೆ ಇಳಿಯುತ್ತದೆ. ಅವನ ವಿಜ್ಞಾನವೆಲ್ಲ ಅಷ್ಟೆ. ಮಧ್ಯಾಹ್ನ ಮೂರರ ಹೊತ್ತಿಗೆ ಮಂಜು ಕರಗತೊಡಗುವುದು, ಅವನ ದರವೂ ಅದರೊಡನೆ ಇಳಿಯುವುದು. ಕಾಸಿಲ್ಲದ ಹುಡುಗನಿಗೆ ‘ನಾಳೆ ಕೊಡು ಹೋಗು’ ಎನ್ನುತ್ತಿದ್ದ. ಚಿಲ್ಲರೆ ಇಲ್ಲದ ದಿನ ನನಗೂ ಸಾಲ ಕೊಟ್ಟದ್ದುಂಟು.

ಆ ಕಾಲದಲ್ಲಿ ಇಂಥವರಿಗೆ ಕಾನೂನಿನ ಆಸರೆಯೂ ಒಂದಿಷ್ಟು ಇತ್ತು. ಐಸ್‌ಕ್ರೀಮಿನ ತಯಾರಿಕೆಯನ್ನು ಸರ್ಕಾರ ಸಣ್ಣ ಕೈಗಾರಿಕೆಗಳಿಗೆಂದು ಮೀಸಲಿಟ್ಟಿತ್ತು. 1997ರಲ್ಲಿ ಆ ಮೀಸಲು ತೆರವಾಯಿತು. ಅಲ್ಲಿಂದ ಮುಂದೆ ದೊಡ್ಡ ಬಂಡವಾಳಕ್ಕೆ ಬಾಗಿಲು ತೆರೆಯಿತು.

ಹಾಗೆಂದು ದೊಡ್ಡವರನ್ನೆಲ್ಲ ಖಳನಾಯಕರೆನ್ನುವುದು ಸರಿಯಲ್ಲ. ಅವರಲ್ಲಿ ಹಲವರು ಸಣ್ಣವರಾಗಿಯೇ ಹೊರಟವರು. ಮಂಗಳೂರಿನಲ್ಲಿ ಪ್ರಭಾಕರ ಕಾಮತರು 1975ರಲ್ಲಿ ಐಡಿಯಲ್ ಐಸ್‌ಕ್ರೀಂ ಆರಂಭಿಸಿದರು. ದಕ್ಷಿಣ ಕನ್ನಡದ ಹಣ್ಣಿನ ವ್ಯಾಪಾರಿಯೊಬ್ಬರ ಮಗ ರಘುನಂದನ ಕಾಮತರು 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ನ್ಯಾಚುರಲ್ಸ್ ಅಂಗಡಿ ತೆರೆದು, ತಂದೆಯಿಂದ ಬಂದ ಹಣ್ಣಿನ ಪರಿಚಯವನ್ನೇ ಬಂಡವಾಳ ಮಾಡಿಕೊಂಡರು. ತಮಿಳುನಾಡಿನಲ್ಲಿ 1970ರಲ್ಲಿ ಅರುಣ್ ಐಸ್‌ಕ್ರೀಂ ಕಟ್ಟಿದ ಚಂದ್ರಮೋಗನ್ ಅವರು, ಮದ್ರಾಸಿನಲ್ಲಿ ಹೆಸರುವಾಸಿಗಳೊಡನೆ ಸೆಣಸುವ ಬದಲು ಸಣ್ಣ ಊರುಗಳ ಕಡೆ ತಿರುಗಿದರು. ತಮ್ಮ ಮಾಲನ್ನಷ್ಟೇ ಮಾರುವ ಅಂಗಡಿಗಳನ್ನು ಅಲ್ಲಿ ಹುಟ್ಟಿಸಿದರು. ಅವರು ಕಂಡುಕೊಂಡ ಸತ್ಯ ಇದು: ಸಣ್ಣ ಊರಿನಲ್ಲಿ ಸ್ಪರ್ಧೆ ರುಚಿಯದಲ್ಲ, ತಂಪನ್ನು ಅಲ್ಲಿಯವರೆಗೆ ಕೆಡದಂತೆ ಯಾರು ಮುಟ್ಟಿಸುತ್ತಾರೆಂಬುದು.

ನಮ್ಮ ಸೀಮೆಯಲ್ಲಂತೂ ಹಾಲಿಗೆ ಕೊರತೆಯಿಲ್ಲ. ಬೆಳಗಿನ ಜಾವ ಕನಕಪುರದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಕ್ಯಾನು ಹಿಡಿದು ಡೇರಿಯ ಮುಂದೆ ಸಾಲುಗಟ್ಟುವುದನ್ನು ನೋಡಿದವರಿಗೆ ಇದು ಗೊತ್ತು. ಆ ಹಾಲಿನ ಒಂದು ಪಾಲು ಹಾಲು ಮಹಾಮಂಡಲದ ನಂದಿನಿ ಹೆಸರಿನಲ್ಲಿ ಬಟ್ಟಲಾಗಿ ಹಿಂತಿರುಗುತ್ತದೆ. 2002ರಲ್ಲಿ ಹುಟ್ಟಿದ ಡೇರಿ ಡೇ ಕಂಪೆನಿಯ ಕಾರ್ಖಾನೆ ಕನಕಪುರ ರಸ್ತೆಯ ಹಾರೋಹಳ್ಳಿಯಲ್ಲೇ ಇದೆ. ಆದುದರಿಂದ ಇಲ್ಲಿ ಹೊರಗಿನವರು, ಒಳಗಿನವರು ಎಂಬ ಗೆರೆ ಎಳೆಯುವುದು ಸುಲಭವಲ್ಲ. ಗೆರೆ ಇರುವುದು ಬೇರೆಡೆ.

ಐಸಣ್ಣನ ಮಗ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟ. ಕಂಪೆನಿಯೊಂದು ಅವನಿಗೆ ಗಾಜಿನ ಮುಚ್ಚಳದ ಫ್ರೀಜರು ಕೊಟ್ಟಿತು. ಹದಿನೆಂಟು ಡಿಗ್ರಿ ಸೊನ್ನೆಯ ಕೆಳಗೆ, ಹಗಲೂ ರಾತ್ರಿ ಓಡುವ ಪೆಟ್ಟಿಗೆ. ಒಪ್ಪಂದ ಒಂದೇ, ಅದರೊಳಗೆ ಬೇರೆಯವರ ಮಾಲು ಇಡಬಾರದು. ಹುಡುಗ ತಂದೆಯಿಂದ ಕಲಿತ ಕುಲ್ಫಿಯ ಅಚ್ಚುಗಳನ್ನು ಬಟ್ಟಲುಗಳ ಅಡಿಯಲ್ಲಿ ಮುಚ್ಚಿಟ್ಟ. ಕಂಪೆನಿಯ ಮನುಷ್ಯ ಬಂದು ಅಚ್ಚುಗಳನ್ನು ಹೊರಗಿಟ್ಟು, ಇನ್ನೊಮ್ಮೆ ಕಂಡರೆ ಪೆಟ್ಟಿಗೆ ಹೊತ್ತುಕೊಂಡು ಹೋಗುವುದಾಗಿ ಹೇಳಿದ. ಸಂಜೆ ನಾನು ಹೋದಾಗ ಕುಲ್ಫಿ ಪಾತ್ರೆಯಲ್ಲಿ ಹಾಲಾಗಿ ನಿಂತಿತ್ತು. ‘ಪೆಟ್ಟಿಗೆ ಅವರದು ಸಾ, ಕರೆಂಟು ಮಾತ್ರ ನಂದು’ ಎಂದ.

ಇಡೀ ಸ್ಪರ್ಧೆಯ ಭಾಷ್ಯ ಈ ಒಂದು ಮಾತಿನಲ್ಲಿದೆ. ಕಂಪೆನಿಯನ್ನು ಕೇಳಿದರೆ ಅದಕ್ಕೂ ಉತ್ತರವುಂಟು: ಹಣ ನಮ್ಮದು, ಕೆಟ್ಟರೆ ಹೆಸರು ಹೋಗುವುದೂ ನಮ್ಮದೇ ಎಂದಾರು. ಒಪ್ಪತಕ್ಕ ಮಾತೇ. ಆದರೆ ಒಂದು ಕಂಪೆನಿ ಇನ್ನೊಂದರೊಡನೆ ಹೋರಾಡುವುದು ಗಿರಾಕಿಯ ನಾಲಿಗೆಯ ಮೇಲಲ್ಲ, ಅಂಗಡಿಯ ನಾಲ್ಕು ಅಡಿ ನೆಲದ ಮೇಲೆ. ಅಲ್ಲಿ ಯಾರ ಪೆಟ್ಟಿಗೆ ಕೂತಿತೋ ಅವರದು ಗೆಲುವು. ಊರಿನ ಕುಲ್ಫಿ ರುಚಿಯಲ್ಲಿ ಸೋತು ಹೊರಬೀಳಲಿಲ್ಲ, ಇರಲು ಜಾಗವಿಲ್ಲದೆ ಹೊರಬಿತ್ತು.

ರುಚಿಯ ಲೆಕ್ಕವನ್ನೂ ಸ್ವಲ್ಪ ನೋಡೋಣ. ನಿಯಮದಂತೆ ಐಸ್‌ಕ್ರೀಮಿನಲ್ಲಿ ನೂರಕ್ಕೆ ಹತ್ತು ಭಾಗವಾದರೂ ಹಾಲಿನ ಕೊಬ್ಬು ಇರಬೇಕು. ಸಸ್ಯದ ಕೊಬ್ಬು ಹಾಕಿದರೆ ಫ್ರೋಜನ್ ಡೆಸರ್ಟ್ ಎಂದು ಬರೆಯಬೇಕು. ಈ ಭೇದದ ಜಾಹೀರಾತಿಗಾಗಿ ದೊಡ್ಡ ಸಂಸ್ಥೆಗಳೆರಡು 2017ರಲ್ಲಿ ಮುಂಬಯಿ ಹೈಕೋರ್ಟಿನ ಮೆಟ್ಟಿಲು ಹತ್ತಿದವು. ಐಸ್‌ಕ್ರೀಂ ಲೀಟರಿಗೆ 525 ಗ್ರಾಂ ತೂಗಿದರೂ ಸಾಕು; ಕಡೆಯುವಾಗ ಸೇರಿದ ಗಾಳಿ ಉಳಿದ ಜಾಗವನ್ನು ತುಂಬುತ್ತದೆ. ಕುಲ್ಫಿಯನ್ನು ಕಡೆಯುವುದಿಲ್ಲ, ಆದುದರಿಂದ ಗಾಳಿ ಮಾರುವ ವಿದ್ಯೆ ಐಸಣ್ಣನಿಗೆ ಬರಲಿಲ್ಲ.

ತೆರಿಗೆಯ ಕಥೆ ಇನ್ನೂ ವಿಚಿತ್ರ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಐಸ್‌ಕ್ರೀಮಿಗೆ ನೂರಕ್ಕೆ 18 ಬಿತ್ತು. ಸಣ್ಣ ತಯಾರಕರಿಗಿದ್ದ ಸರಳ ತೆರಿಗೆಯ ಸೌಲಭ್ಯದಿಂದ ಪಾನ್‌ಮಸಾಲೆ, ತಂಬಾಕುಗಳ ಜೊತೆಯಲ್ಲಿ ಐಸ್‌ಕ್ರೀಮನ್ನೂ ಹೊರಗಿಟ್ಟರು. ಮಕ್ಕಳ ತಿಂಡಿಗೆ ದೊರೆತ ಸಹವಾಸವನ್ನು ನೋಡಿ! 2025ರ ಸೆಪ್ಟೆಂಬರಿನಲ್ಲಿ ದರ 5ಕ್ಕೆ ಇಳಿದದ್ದು ಸಮಾಧಾನದ ಸಂಗತಿ.

ಇದರ ಮೇಲೆ ರಸ್ತೆ. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳನ್ನು ಬದಿಗಿಟ್ಟು ಹೋಯಿತು. ಬೊಂಬೆ ಕೊಳ್ಳಲು ನಿಲ್ಲುತ್ತಿದ್ದ ಕಾರುಗಳು ಕಡಿಮೆಯಾದವು, ಬೊಂಬೆಯಂಗಡಿಯ ಪಕ್ಕದ ತಂಪಿನ ಗಾಡಿಗೂ ಹೊಡೆತ ಬಿತ್ತು. ಸರಪಣಿ ಅಂಗಡಿಗಳು ಹೊಸ ರಸ್ತೆಯ ಕಡೆಗೆ ಸರಿದಾವು. ಗಾಡಿಯವನ ಗಿರಾಕಿ ಮಾತ್ರವಲ್ಲ, ಮನೆಯೂ ಹಳೆಯ ರಸ್ತೆಯಲ್ಲೇ ಇದೆ.

ಆದರೂ ಗಾಡಿಯವನು ಗೆಲ್ಲುವ ದಿನಗಳುಂಟು. ಮಾಗಡಿ ರಂಗನಾಥನ ತೇರು, ರಾಮನಗರದ ಚಾಮುಂಡೇಶ್ವರಿ ಕರಗ, ಕಬ್ಬಾಳಮ್ಮನ ಜಾತ್ರೆ. ಆ ಜನಸಂದಣಿಯೊಳಕ್ಕೆ ಗಾಜಿನ ಪೆಟ್ಟಿಗೆ ನಡೆದು ಬರಲಾರದು, ಮರದ ಪೆಟ್ಟಿಗೆ ಬಂದೀತು.

ನನಗೆ ತೋಚುವುದಿಷ್ಟು. ಎರಡು ಲೀಟರು ಹಾಲಿನವರು ಒಬ್ಬೊಬ್ಬರೇ ನಿಲ್ಲಲಾರದೆ ಒಟ್ಟುಗೂಡಿ ಸಂಘ ಕಟ್ಟಿದ್ದು ಇದೇ ನೆಲದಲ್ಲಿ. ಸಂತೆಮಾಳಕ್ಕೆ ನೆರಳು ಕಟ್ಟಿಸುವ ಪುರಸಭೆ, ಹತ್ತು ಗಾಡಿಯವರು ಬಾಡಿಗೆ ಕೊಟ್ಟು ಬಳಸುವ ಒಂದು ಶೀತಲ ಕೋಣೆಯನ್ನೂ ಕಟ್ಟಿಸಬಹುದು. ಸ್ಪರ್ಧೆ ಇರಲಿ; ತಂಪಿನ ಕೀಲಿ ಒಬ್ಬನ ಜೇಬಿನಲ್ಲೇ ಇರುವುದು ಬೇಡ.

ಐಸಣ್ಣ ಈಗಿಲ್ಲ. ಮಗ ಕಂಪೆನಿಯ ಪೆಟ್ಟಿಗೆಯನ್ನು ಹಾಗೆಯೇ ಇಟ್ಟುಕೊಂಡು, ಸಾಲ ಮಾಡಿ ಹಳೆಯ ಫ್ರೀಜರೊಂದನ್ನು ತಂದು ಮನೆಯ ಹಿಂಬದಿಯಲ್ಲಿ ಇರಿಸಿದ್ದಾನೆ. ಜಾತ್ರೆಯ ದಿನಗಳಲ್ಲಿ ತಂದೆಯ ಮರದ ಪೆಟ್ಟಿಗೆ ಹೊರಬರುತ್ತದೆ. ಕಳೆದ ಬಾರಿ ಕುಲ್ಫಿ ಕೊಂಡು ಹಣ ಕೊಡಹೋದೆ. ಅವನು ನಕ್ಕು, ‘ಅಪ್ಪನ ಕಾಲದ ಬಾಕೀನೂ ಸೇರಿಸಿ ಕೊಡಿ ಸಾ’ ಎಂದ. ಸೇರಿಸಿಯೇ ಕೊಟ್ಟು ಬಂದೆ.

(ಬಾನುಲಿ ಭಾಷಣ)